ಇಂಚರಜ್ಜಿ ಊಟ ಮಾಡುತ್ತಿಲ್ಲ

ಇಳಿಹೊತ್ತು ಆರೈಕೆ ಮನೆ, ದಾವಣಗೆರೆ
ಫೆಬ್ರವರಿ ೩೦, ೨೧೧೧

ರೂಪಶ್ರೀಯವರಿಗೆ ಧನ್ವಿಯ ನಮಸ್ಕಾರಗಳು.

ತಾರೀಖು ತಪ್ಪಿಲ್ಲ, ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದಲ್ಲಿ ಇನ್ನೂ ಕೂಸಾಗಿರುವ ನಿಮ್ಮ ಮಗಳು ಇಂಚರ ನನ್ನ ಪಾಲಿಗೆ ಇಂಚರಜ್ಜಿ. ಎಂಬತ್ತು ದಾಟಿದ ಅವರನ್ನು ಇಲ್ಲಿ ನೋಡಿಕೊಳ್ಳುವವಳು ನಾನು.

ಅಜ್ಜಿ ಊಟ ಬಿಟ್ಟಿದ್ದಾರೆ. ತುತ್ತು ಹಿಡಿದರೆ ಬಾಯಿ ಬಿಗಿದು, ಎಡ ಅಂಗೈ ಚಾಚಿ, "ಅವ್ವ ಮಾಡ್ತಿದ್ಲಲ್ಲ, ಮೊದ್ಲು ಹಂಗ್ ಮಾಡವ್ವ" ಅನ್ನುತ್ತಾರೆ. ಹಂಗೆ ಅಂದರೆ ಹೆಂಗೆ? ಅಂಗೈಗೆ ಸಕ್ಕರೆ ಇಟ್ಟೆ, ಮುತ್ತು ಕೊಟ್ಟೆ, ಚಪ್ಪಾಳೆ ತಟ್ಟಿಸಿದೆ. "ಅದಲ್ಲ" ಎಂದು ಮುಖ ತಿರುಗಿಸುತ್ತಾರೆ. ಕೈಬಳೆ ಮೊಣಕೈವರೆಗೂ ಜಾರುವಷ್ಟು ಸೊರಗಿದ್ದಾರೆ. ನನಗೆ ಭಯವಾಗುತ್ತಿದೆ.

ಮನೆಯವರನ್ನು ಕೇಳಬಾರದೆ ಎನ್ನುತ್ತೀರಿ. ಕೇಳಿ ಕೇಳಿ ಸಾಕಾಗಿದೆ ತಾಯಿ! ನಮಗೂ ಮನೆಯವರಿಗೂ ನಡುವೆ ‘ಹಿತನುಡಿಗ’ ಕೂತಿದೆ. ನಾವು ಏನೇ ಬರೆದರೂ ಯಾರ ಮನಸ್ಸಿಗೂ ನೋವಾಗದಂತೆ ತಿದ್ದಿ ಕಳಿಸುವ ಯಂತ್ರವದು. "ನಿಮ್ಮ ತಾಯಿ ಊಟ ಬಿಟ್ಟಿದ್ದಾರೆ, ಅವರ ಅವ್ವ ಹೇಗೆ ಉಣಿಸುತ್ತಿದ್ದರು?" ಎಂದು ಬರೆದೆ. "ತಾಯಿಯವರು ಮಿತಾಹಾರಕ್ಕೆ ಒಗ್ಗಿದ್ದಾರೆ, ಬಾಲ್ಯದ ಸವಿನೆನಪಿನಲ್ಲಿದ್ದಾರೆ" ಎಂದು ಹೋಯಿತು. ಆ ಕಡೆ ‘ಓಗೊಡುಗ’ ಇದೆ, ಮನೆಯವರ ಪರವಾಗಿ ತಾನೇ ಉತ್ತರಿಸುವಂಥದ್ದು. "ಕೇಳಿ ಹೃದಯ ತುಂಬಿಬಂತು" ಎಂದು ಕೈಮುಗಿದ ಚಿತ್ರ ಕಳಿಸಿತು. ಎರಡು ಯಂತ್ರಗಳು ಒಂದನ್ನೊಂದು ಹೊಗಳಿಕೊಂಡು ಸುಖವಾಗಿವೆ. ಇಲ್ಲಿ ಗಂಜಿ ಕೆನೆಗಟ್ಟಿದೆ.

ಸಂಕ್ರಾಂತಿಗೆ ನಿಮ್ಮ ಮೊಮ್ಮಗ ಋತ್ವಿಕ್ ಖುದ್ದಾಗಿ ಬಂದರು. (ಇನ್ನೂ ಹುಟ್ಟಿಲ್ಲ, ಈಗಲೇ ಬೈಯಬೇಡಿ.) ಬಾಗಿಲಲ್ಲೇ ತಡೆದು ಬಾಯಿಬಿಟ್ಟು ಹೇಳಿದೆ. ಅವರು ತಾಯಿಯನ್ನೊಮ್ಮೆ ನೋಡಿ, ಅಂಗೈಪರದೆಯನ್ನೊಮ್ಮೆ ನೋಡಿ, "ಚೆನ್ನಾಗಿದಾರೆ ಅಂತ ನೀವೇ ಕಳ್ಸಿದೀರಲ್ರಿ?" ಅಂದರು. ಎಲುಬು ಕಣ್ಣೆದುರೇ ಇದ್ದರೂ ನಂಬಿದ್ದು ವರದಿಯನ್ನು! ನೀವು ಏನು ಮಾಡುತ್ತಿದ್ದಿರೋ ಅವರಿಗೂ ಗೊತ್ತಿಲ್ಲ. ಅಜ್ಜಿ ಹೇಳಿಲ್ಲ, ಇವರು ಕೇಳಿಲ್ಲ.

ಇನ್ನು ಉಳಿದವರು ನೀವೊಬ್ಬರೇ. ಅದಕ್ಕೇ ಕಾಲದಲ್ಲಿ ಹಿಂದಕ್ಕೆ ಓಡುವ ಈ ‘ಹಿಂದೋಟದ ಟಪಾಲು’. ಇದೇ ಹಾಳೆಯ ಬೆನ್ನಿಗೆ ಬರೆದರೆ ನನ್ನ ಕೈಸೇರುತ್ತದೆ. ಆ ಅಂಗೈಯಲ್ಲಿ ನೀವು ಏನು ಬರೆಯುತ್ತಿದ್ದಿರಿ, ಏನು ಇಡುತ್ತಿದ್ದಿರಿ, ಏನು ಹಾಡುತ್ತಿದ್ದಿರಿ?

ಇನ್ನೊಂದು ಮಾತು. ಹಳೆಯ ಸಂದೇಶಗಳ ಭಂಡಾರದಲ್ಲಿ ನಿಮ್ಮ ಫೋನಿನದೂ ಸಿಕ್ಕಿತು. ನೀವು ಇದನ್ನು ಓದುತ್ತಿರುವ ದಿನವೇ ಮಧ್ಯಾಹ್ನ ಶಿಶುವಿಹಾರದ ಆಯಾ ನಿಮಗೆ ಬರೆದಿದ್ದಾರೆ: "ಮೇಡಂ, ಪಾಪು ಊಟ ಮಾಡ್ತಿಲ್ಲ. ಕೈ ಮುಂದೆ ಮಾಡಿ ಅಳ್ತೈತಿ. ಮನೇಲಿ ಹೆಂಗ್ ಉಣಿಸ್ತೀರಿ?" ನೀವು ಹೆಬ್ಬೆರಳು ಎತ್ತಿದ ಚಿತ್ರ ಕಳಿಸಿದ್ದೀರಿ.

ನನ್ನ ಉತ್ತರ ಆಮೇಲಾಗಲಿ. ಮೊದಲು ಆಕೆಗೆ ಫೋನ್ ಮಾಡಿ. ಮಗು ಕೈ ಚಾಚಿಕೊಂಡೇ ಕೂತಿದೆ.