ಆಗ್ರಾದಲ್ಲಿ ಹತ್ತದ ದೀಪ

೧೧ ನವೆಂಬರ್ ೨೦೦೨, ಸೋಮವಾರ

ಇವತ್ತು ನಾನೂರ ಇಪ್ಪತ್ತು ಡಬ್ಬಿ ನೋಡಿದೆ. ಆರು ಹತ್ತಲಿಲ್ಲ. ಆರರಲ್ಲಿ ನಾಲ್ಕು ನಾಗಿಯವು — ಬಾಯಿ ಚುರುಕು, ಕೈ ಸಾವಕಾಶ. ಉಳಿದೆರಡು ಯಾರವು ಅಂತ ಯಾರೂ ಒಪ್ಪಲಿಲ್ಲ. ಒಪ್ಪದಿದ್ದರೇನು, ಗೊತ್ತಾಗುತ್ತದೆ.

ಮನೆಗೆ ಬಂದರೆ ಅಮ್ಮನದು ಅದೇ ಪ್ರಶ್ನೆ. "ಎಂತ ಕೆಲ್ಸವೇ ನಿಂದು? ದಿನಾ ಡಬ್ಬಿ ಅಲ್ಲಾಡ್ಸುದಾ?" ಎಷ್ಟು ಸಲ ಹೇಳಬೇಕು. ಮಕ್ಕಳ ಲೈಟಿನ ಬೂಟು ಇರುತ್ತದಲ್ಲ, ಅದರ ಹಿಮ್ಮಡಿಯೊಳಗೆ ಕೂರುವ ಸ್ವಿಚ್ಚಿನ ಡಬ್ಬಿ ಇದು. ಒಳಗೊಂದು ಸಣ್ಣ ಕೊಳವೆ, ನಡುವೆ ಪಿನ್ನು, ಸುತ್ತ ಸ್ಪ್ರಿಂಗು. ಹೆಜ್ಜೆ ಇಟ್ಟಾಗ ಸ್ಪ್ರಿಂಗು ಓಲಾಡಿ ಪಿನ್ನಿಗೆ ತಾಗಬೇಕು. ತಾಗಿದರೆ ಮೂರು ಕೆಂಪು ದೀಪ ಒಂದಾದ ಮೇಲೊಂದು ಹತ್ತಬೇಕು. ಹನ್ನೊಂದು ಹೆಂಗಸರು ಕೂಡಿಸುತ್ತಾರೆ, ನಾನು ಒಂದೊಂದನ್ನೂ ಅಲ್ಲಾಡಿಸಿ ಪಾಸು ಮಾಡುತ್ತೇನೆ. ಪೂರ್ತಿ ಕೇಳಿ ಅಮ್ಮ ಅಂದಳು — "ಅಂದ್ರೆ ಡಬ್ಬಿ ಅಲ್ಲಾಡ್ಸುದೇ ಆತಲ."

ನಿನ್ನೆ ಈ ಪುಸ್ತಕದ ಹಾಳೆ ನಡುವೆ ಒಂದು ಕೂದಲು ಇಟ್ಟಿದ್ದೆ. ಇವತ್ತು ಇಲ್ಲ. ಅಮ್ಮನಿಗೆ ಓದು ಬರುವುದಿಲ್ಲ. ಹಾಗಂತ ಅವಳು ಹೇಳುತ್ತಾಳೆ.

೧೯ ನವೆಂಬರ್, ಮಂಗಳವಾರ

ಆಗ್ರಾದಿಂದ ಮುನ್ನೂರು ಡಬ್ಬಿ ವಾಪಸ್. ಬೂಟಿನ ಕಂಪನಿಯವರ ಚೀಟಿ ಒಳಗಿತ್ತು — ಒಂದೂ ಹತ್ತುವುದಿಲ್ಲವಂತೆ. ಜೂನ್‌ನಿಂದ ಮಾಲು ಕಳಿಸುತ್ತಿದ್ದೇವೆ, ಇಲ್ಲಿಯವರೆಗೆ ಒಂದೂ ತಿರುಗಿ ಬಂದದ್ದಿಲ್ಲ.

ಮಾಲೀಕ ತ್ರ್ಯಂಬಕ ಹೆಗಡೇರು ಚೀಟಿ ಹಿಡಿದು ನನ್ನ ಮೇಜಿನ ಹತ್ತಿರವೇ ಬಂದು ನಿಂತರು. "ನೀ ಪಾಸ್ ಮಾಡಿದ್ದೇ ಅಲ್ದಾ ನೇತ್ರಾ ಇವೆಲ್ಲ?" ಕೇಳಿದ ರೀತಿ ಸರಿ ಬರಲಿಲ್ಲ. ಅವರೆದುರೇ ಪೆಟ್ಟಿಗೆ ಬಿಚ್ಚಿದೆ. ಒಂದು ಅಲ್ಲಾಡಿಸಿದೆ, ಹತ್ತಿತು. ಇನ್ನೊಂದು, ಹತ್ತಿತು. ಮಧ್ಯಾಹ್ನದೊಳಗೆ ಮುನ್ನೂರೂ ನೋಡಿದೆ. ಮುನ್ನೂರೂ ಹತ್ತಿದವು!

ಆಗ್ರಾದವರು ಕಾಲಿಗೆ ಹಾಕಿ ನೋಡಿದರೋ ತಲೆಗೆ ಕಟ್ಟಿ ನೋಡಿದರೋ. ಅಥವಾ ಬೇರೆಲ್ಲೋ ಅಗ್ಗದ ಮಾಲು ಸಿಕ್ಕಿದೆ, ನಮ್ಮನ್ನು ಬಿಡಲು ನೆವ ಹುಡುಕುತ್ತಿದ್ದಾರೆ. ಹಾಗೇ ಇರಬೇಕು. ಇನ್ನು ಮೇಲೆ ಪಾಸಾದ ಪ್ರತಿ ಡಬ್ಬಿಗೂ ಉಗುರಿಗೆ ಹಚ್ಚುವ ಕೆಂಪು ಬಣ್ಣದ ಒಂದು ಚುಕ್ಕೆ ಇಡುತ್ತೇನೆ. ಯಾರಿಗೂ ಹೇಳುವುದಿಲ್ಲ.

೩ ಡಿಸೆಂಬರ್

ಹೊಸಬಳು ಪ್ರಣಿತಾಗೆ ಸ್ಪ್ರಿಂಗು ಕೂಡಿಸಲು ಬರುವುದಿಲ್ಲ. ಕೊಳವೆ ಬಿಗಿ, ತುರುಕಿದರೆ ಸ್ಪ್ರಿಂಗು ಸೊಟ್ಟಗಾಗುತ್ತದೆ. ಎಲ್ಲರಿಗೂ ಕಲಿಸಿದ್ದನ್ನೇ ಅವಳಿಗೂ ಕಲಿಸಿದೆ — ಬಟ್ಟಲಿನಲ್ಲಿ ತೆಂಗಿನೆಣ್ಣೆ, ಬೆರಳು ಅದ್ದಿ ಸ್ಪ್ರಿಂಗಿಗೆ ಒಮ್ಮೆ ಸವರು, ಸರಕ್ಕನೆ ಕೂರುತ್ತದೆ. ಐಟಿಐಯಲ್ಲಿ ಯಾರೂ ಹೇಳಿಕೊಟ್ಟದ್ದಲ್ಲ, ನನ್ನದೇ ತಲೆ. ಹೊಲಿಯುವವರು ಸೂಜಿಯನ್ನು ಕೂದಲಿಗೆ ಉಜ್ಜಿಕೊಳ್ಳುವುದು ನೋಡಿ ಹೊಳೆದದ್ದು.

ಪ್ರಣಿತಾ ಯಾಕೋ ಎಲ್ಲವನ್ನೂ ಬರೆದುಕೊಳ್ಳುತ್ತಾಳೆ. ಯಾರಿಗೆ ತೋರಿಸಲು?

ಮತ್ತೆ ಇನ್ನೂರು ವಾಪಸ್. ನನ್ನ ಕೆಂಪು ಚುಕ್ಕೆ ಎಲ್ಲದರ ಮೇಲೂ ಇದೆ. ಎಲ್ಲವೂ ಇಲ್ಲಿ ಹತ್ತುತ್ತವೆ.

೮ ಡಿಸೆಂಬರ್, ಭಾನುವಾರ

ಭಟ್ಕಳಕ್ಕೆ ಹೋಗಿ ಬಂದೆ. ಅಮ್ಮನಿಗೆ ಹೊನ್ನಾವರದ ಚಿಕ್ಕಿ ಮನೆ ಅಂತ ಹೇಳಿದ್ದೆ. ಬಸ್ಸು ಹೊನ್ನಾವರ ಬಿಟ್ಟು ಶರಾವತಿ ಸೇತುವೆ ದಾಟುವಾಗ ಕಂಡಕ್ಟರ್ ಎರಡು ಸಲ ತಿರುಗಿ ನೋಡಿದ. ಚಿಕ್ಕಿಯ ಗಂಡನ ಪರಿಚಯದವನೇ ಇರಬಹುದು.

ಬಜಾರಿನಲ್ಲಿ ದುಬೈನಿಂದ ಬಂದ ಲೈಟಿನ ಬೂಟು ರಾಶಿ ಬಿದ್ದಿದೆ. ಒಂದು ಜೊತೆ ಎತ್ತಿಕೊಂಡು ಹಿಮ್ಮಡಿ ಕೆರೆದು ನೋಡುತ್ತಿದ್ದೆ. ಅಂಗಡಿಯ ಸಾಹೇಬರು ಕನ್ನಡಕ ಮೇಲೆತ್ತಿದರು. "ಬೂಟು ಬೇಕಾ ಅಮ್ಮಾ, ಬೂಟಿನ ಹೊಟ್ಟೆ ಬೇಕಾ?" ನಾಚಿಕೆಯಾಯಿತು. ಅವರೇ ಒಳಗಿಂದ ಅಡಿ ಕಿತ್ತುಹೋದ ಒಂದು ಹಳೆಯ ಬೂಟು ತಂದುಕೊಟ್ಟರು. "ತಗೊಳ್ಳಿ. ಇದರ ಪೋಸ್ಟ್‌ಮಾರ್ಟಂ ಆಗಿಯೇ ಬಂದಿದೆ."

ಬಿಚ್ಚಿ ನೋಡಿದೆ. ನಮ್ಮದರ ಹಾಗೇ ಪಿನ್ನು, ಸ್ಪ್ರಿಂಗು. ಒಳಗೆ ಎಲ್ಲ ಒಣಒಣ. ನಮ್ಮದರ ನುಣುಪು ಅದಕ್ಕಿಲ್ಲ. ಅಂದರೆ ನಮ್ಮ ಮಾಲಿನಲ್ಲಿ ದೋಷವಿಲ್ಲ. ದೋಷ ಮನುಷ್ಯರಲ್ಲಿದೆ.

೧೩ ಡಿಸೆಂಬರ್, ಶುಕ್ರವಾರ

ಆಗ್ರಾದಿಂದ ಫೋನು. ಅವರ ಇನ್‌ಸ್ಪೆಕ್ಟರ್ ತನ್ನ ಕೈಯಾರೆ ನೂರು ಡಬ್ಬಿ ಅಲ್ಲಾಡಿಸಿದನಂತೆ, ತೊಂಬತ್ತು ಸತ್ತಿದ್ದವಂತೆ. ಇನ್ನೊಂದು ಸಲ ಹೀಗಾದರೆ ಆರ್ಡರು ಇಲ್ಲ. ಹೆಗಡೇರು ಫೋನು ಇಟ್ಟು ನನ್ನ ಮೇಜಿಗೆ ಬಂದರು. "ನಮ್ಮವರದ್ದೇ ಯಾರದೋ ಕೈವಾಡ ನೇತ್ರಾ. ಯಾರು ಅಂತ ನೀನೇ ಹುಡ್ಕು."

ಹುಡುಕುತ್ತೇನೆ. ಬೀಗದ ಕೈ ಇರುವುದು ಮೂವರ ಬಳಿ. ಹೆಗಡೇರು, ನಾನು, ಗಣಪಿ. ಗಣಪಿ ಹೊಲನಗದ್ದೆಯಿಂದ ನಡೆದು ಬಂದು ಏಳೂವರೆಗೇ ಹಾಲ್ ಗುಡಿಸುತ್ತಾಳೆ. ಎಲ್ಲರಿಗಿಂತ ಹಿರಿಯಳು, ಎಲ್ಲರಿಗಿಂತ ಚುರುಕು. ಅವಳ ಡಬ್ಬಿ ಒಂದೂ ಸತ್ತದ್ದು ನಾನು ನೋಡಿಲ್ಲ. ಒಂದೂ ಅಂದರೆ ಒಂದೂ. ಇದು ಇಷ್ಟು ದಿನ ನನಗೆ ವಿಚಿತ್ರ ಅನಿಸಲಿಲ್ಲವಲ್ಲ!

ಅಮ್ಮನೆದುರು ಬಾಯಿಬಿಟ್ಟೆ. "ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ" ಅಂದಳು. ಇವಳಿಗೆ ಯಾವಾಗಲೂ ಊರವರೇ ಒಳ್ಳೆಯವರು.

೧೬ ಡಿಸೆಂಬರ್, ಸೋಮವಾರ, ಬೆಳಿಗ್ಗೆ ೮.೩೦

ಹೆಗಡೇರು ಇನ್ನೂ ಬಂದಿಲ್ಲ. ಅಷ್ಟರೊಳಗೆ ಬರೆದುಬಿಡುತ್ತೇನೆ.

ದಿನವೂ ಒಂಬತ್ತಕ್ಕೆ ಬರುವವಳು ಎಂಟಕ್ಕೇ ಬಂದೆ. ಮುಂಬಾಗಿಲಿಂದ ಬರಲಿಲ್ಲ, ಹಿಂದಿನ ಅಂಗಳದಿಂದ. ಗಣಪಿ ಗೋಣಿ ಹಾಸಿ, ಶನಿವಾರ ಕೂಡಿಸಿಟ್ಟ, ನಾನು ಇವತ್ತು ನೋಡಬೇಕಿದ್ದ ಪೆಟ್ಟಿಗೆ ಬಿಚ್ಚಿ, ಡಬ್ಬಿಗಳನ್ನೆಲ್ಲ ಹರಡಿಕೊಂಡು ಕೂತಿದ್ದಳು. ನನ್ನನ್ನು ಕಂಡದ್ದೇ ಸೆರಗು ಒತ್ತಿ ಹಿಡಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

"ಎಂತ ಮಾಡ್ತಿದ್ದೆ ಗಣಪಿ?"

"ಎಂತದೂ ಇಲ್ರಾ ಅಕ್ಕೋರೆ. ಬಿಸ್ಲಿಗ್ ಹಾಕಿದ್ದೆ."

"ಡಬ್ಬಿ ಎಂತ ಹಪ್ಪಳವಾ?"

"ಬೆಳಿಗ್ಗೆ ಥಂಡಿಗೆ ಅವ್ಕೆ ಜೀಂವಾ ಇರುದಿಲ್ಲ. ಬಿಸ್ಲ್ ಕಂಡ್ರೆ ಎದ್ಕಂತ್ವು. ನೀವ್ ಬರುದ್ರೊಳ್ಗೆ ಎಲ್ಲಾ ಸಮಾ ಆಗ್ತದೆ. ಪಾಪ, ನಾಗಿಗೆ ಬೈಗ್ಳ ತಪ್ತದೆ ಅಂತ..."

ಕತೆ ಹೇಳಲು ನನ್ನ ಹತ್ತಿರ! ಗೋಣಿಯ ಮೇಲಿನದು ಎತ್ತಿ ಅಲ್ಲಾಡಿಸಿದೆ, ಹತ್ತಿತು. ಎಣಿಸಿದೆ. ನೂರಿರಬೇಕು, ತೊಂಬತ್ತೇಳಿತ್ತು. ಮಡಿಲು ಬಿಚ್ಚು ಅಂದೆ. ಮೂರು ಡಬ್ಬಿ.

"ಅವು ಬಿಸ್ಲಿಗೂ ಏಳ್ಲಿಲ್ರಾ. ಹೊಟ್ಟೆ ಬಿಸಿಗೆ ಇಟ್ಕಂಡಿದ್ದೆ."

ಮೂರನ್ನೂ ಅಲ್ಲಾಡಿಸಿದೆ. ಮೂರೂ ಚೆನ್ನಾಗಿ ಹತ್ತಿದವು. ಸತ್ತವನ್ನು ಯಾರಾದರೂ ಕದಿಯುತ್ತಾರೆಯೇ?

"ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ನಲ ಅಕ್ಕೋರೆ. ಕೆಲ್ಸ ನೋಡ್ಕಾ ಅಂದ್ರಿ."

ನನಗೆ ನೆನಪಿಲ್ಲ.

ಅದೇ ದಿನ, ಸಂಜೆ

ಹೆಗಡೇರು ಗಣಪಿಯನ್ನು ಎಲ್ಲರೆದುರೇ ಕೆಲಸದಿಂದ ಕಳಿಸಿದರು. ಗಣಪಿ ಅಳಲಿಲ್ಲ, ಜಗಳವಾಡಲಿಲ್ಲ. ಬೀಗದ ಕೈ ನನ್ನ ಮೇಜಿನ ಮೇಲಿಟ್ಟು "ನಾ ಕದ್ದದ್ದಲ್ಲ" ಅಂದಳು. ಅಷ್ಟೇ. ಉಳಿದವರು ತಲೆ ಎತ್ತಲಿಲ್ಲ. ನಾಗಿ ಸಹ ಬಾಯಿ ಬಿಡಲಿಲ್ಲ — ಅವಳಿಗೂ ಪಾಲು ಇತ್ತೋ ಏನೋ. ನೋಡಬೇಕು.

೨ ಜನವರಿ ೨೦೦೩, ಗುರುವಾರ

ಗಣಪಿ ಹೋದಮೇಲೆ ಹಾಲ್ ತೆರೆಯುವ ಕೆಲಸವೂ ನನಗೇ. ಇವತ್ತು ಏಳೂವರೆಗೆ ಬಂದೆ. ಇಬ್ಬನಿ, ಮೈ ಕೊರೆಯುವ ಥಂಡಿ. ಸುಮ್ಮನೆ ಕೂರಲಾರದೆ ನಿನ್ನೆ ಪಾಸು ಮಾಡಿದ ಒಂದು ಡಬ್ಬಿ ಎತ್ತಿ ಅಲ್ಲಾಡಿಸಿದೆ. ಹತ್ತಲಿಲ್ಲ. ಪಕ್ಕದ್ದು ಹತ್ತಲಿಲ್ಲ. ಇಡೀ ಸಾಲು ಸತ್ತಿತ್ತು. ಎಲ್ಲದರ ಮೇಲೂ ನನ್ನದೇ ಚುಕ್ಕೆ.

ಮೊದಲು ಕಿಟಕಿ ನೋಡಿದೆ. ಬೀಗ ನೋಡಿದೆ. ಗಣಪಿ ಇನ್ನೊಂದು ಬೀಗದ ಕೈ ಮಾಡಿಸಿಕೊಂಡಿದ್ದಾಳೆ ಅಂತಲೇ ಅಂದುಕೊಂಡೆ. ಆಮೇಲೆ ಒಂದು ಡಬ್ಬಿ ಒಡೆದೆ.

ಸ್ಪ್ರಿಂಗಿನ ಸುತ್ತ ಬೆಳ್ಳಗೆ, ತುಪ್ಪ ಹೆಪ್ಪಾದ ಹಾಗೆ. ಮೇಜಿನ ಮೇಲೆ ಬಟ್ಟಲಿನ ತೆಂಗಿನೆಣ್ಣೆಯೂ ಬೆಳ್ಳಗೆ ಕಲ್ಲಾಗಿತ್ತು. ಸ್ಪ್ರಿಂಗಿಗೆ ಬಾಯಿಂದ ಬಿಸಿ ಉಸಿರು ಊದಿದೆ. ಬಿಳಿ ಕರಗಿತು. ಅಲ್ಲಾಡಿಸಿದೆ. ಮೂರು ದೀಪ, ಒಂದಾದ ಮೇಲೊಂದು.

ಇಲ್ಲಿ ಒಂಬತ್ತರ ಬಿಸಿಲಿಗೆ ಕರಗುತ್ತದೆ. ಆಗ್ರಾದ ಚಳಿಯಲ್ಲಿ ಎಲ್ಲಿ ಕರಗಬೇಕು. ಜೂನ್‌ನಿಂದ ಯಾಕೆ ವಾಪಸ್ ಬರಲಿಲ್ಲ, ಇಲ್ಲಿಗೆ ಬಂದ ಕೂಡಲೇ ಯಾಕೆ ಹತ್ತುತ್ತಿದ್ದವು, ಎಲ್ಲ ಗೊತ್ತಾಯಿತು. ಗಣಪಿ ಹೇಳಿದ್ದು ಅಕ್ಷರಶಃ ನಿಜ.

ಇಡೀ ಊರಿನ ಮೇಲೆ ಸಂಶಯಪಟ್ಟೆ. ನನ್ನೊಬ್ಬಳನ್ನು ಬಿಟ್ಟು.

೩ ಜನವರಿ

ಎಣ್ಣೆ ಚೆಲ್ಲಿದೆ. ಬಟ್ಟಲನ್ನೂ ಎಸೆದೆ. ಇನ್ನು ಎಣ್ಣೆ ಬೇಡ, ಕೊಳವೆಯ ಬಾಯಿ ಸ್ವಲ್ಪ ಉಜ್ಜಿ ಸಡಿಲ ಮಾಡಿ, ಸ್ಪ್ರಿಂಗು ಸ್ಪಿರಿಟ್‌ನಲ್ಲಿ ಒರೆಸಿ ಕೂಡಿಸಿ — "ಕಂಪನಿಯವರ ಆರ್ಡರು" ಅಂದೆ. ಸುಳ್ಳು ಎಷ್ಟು ಸಲೀಸಾಗಿ ಬಂತು. ಯಾರೂ ಏನೂ ಕೇಳಲಿಲ್ಲ. ಪ್ರಣಿತಾ ಬರೆದುಕೊಂಡಳು. ನಾಗಿ ಮಾತ್ರ ನನ್ನ ಮುಖ ನೋಡಿದಳು.

ಹೆಗಡೇರಿಗೆ ನಾಳೆ ಹೇಳುತ್ತೇನೆ.

೨೨ ಜನವರಿ, ಬುಧವಾರ

ಹೇಳಿಲ್ಲ.

ಆಗ್ರಾದಿಂದ ಪತ್ರ. ಹೊಸ ಮಾಲಿನಲ್ಲಿ ಒಂದೂ ಸತ್ತಿಲ್ಲ, ಆರ್ಡರು ಇಮ್ಮಡಿ. ಹೆಗಡೇರು ಪೇಡೆ ತರಿಸಿದರು. ಎಲ್ಲರೆದುರು ನಿಂತು ಅಂದರು — "ಗಣಪಿ ಹೋದ್ಮೇಲೆ ಒಂದೂ ವಾಪಸ್ ಇಲ್ಲ. ರೋಗ ಎಲ್ಲಿತ್ತು ಅಂತ ಈಗ ಗೊತ್ತಾತಲ? ನೇತ್ರಾನ ಕಣ್ಣು ಅಂದ್ರೆ ಕಣ್ಣು."

ನಾನು ಗುಟ್ಟಾಗಿ ಸರಿಮಾಡಿದ್ದೇ ಅವಳ ಮೇಲಿನ ಸಾಕ್ಷಿಯಾಯಿತು. ಎಲ್ಲರೂ ಹೌದು ಹೌದು ಅಂತ ತಲೆ ಆಡಿಸಿದರು. ಪೇಡೆ ಕೈಯಲ್ಲಿ ಹಿಡಿದು ನಿಂತಿದ್ದೆ. ತಿಂದೆ. ಥೂ.

೨೬ ಜನವರಿ, ಭಾನುವಾರ

ಮೀನು ಪೇಟೆಯಲ್ಲಿ ಗಣಪಿ ಸಿಕ್ಕಳು. ತಪ್ಪಿಸಿಕೊಳ್ಳೋಣ ಅಂದುಕೊಂಡೆ, ಅವಳೇ ಕರೆದಳು. ಬೈಯುತ್ತಾಳೆ, ಬೈದರೆ ಒಳ್ಳೆಯದೇ ಅಂದುಕೊಂಡೆ.

"ಈಗ ಎಲ್ಲಾ ಹತ್ತುತ್ವಾ ಅಕ್ಕೋರೆ? ನಾಗಿ ಹೇಳ್ತು, ಒಂದೂ ಸಾಯುದಿಲ್ಲಂತೆ."

ಹೂಂ ಅಂದೆ.

ಅವಳ ಸೊಸೆ ಗಂಗೆ ಹೆತ್ತು ಹನ್ನೆರಡು ದಿನವಂತೆ. ಗಂಡು. ಅವರ ಕೇರಿಯಲ್ಲಿ ಹುಟ್ಟಿದ ಶಿಶುಗಳಿಗೆಲ್ಲ ಎಣ್ಣೆ ಹಚ್ಚಿ ಮೀಯಿಸುತ್ತಿದ್ದವಳು ಗಣಪಿಯೇ ಅಂತ ನಾಗಿ ಒಮ್ಮೆ ಹೇಳಿದ್ದಳು. ಮೊಮ್ಮಗನನ್ನು ಮೀಯಿಸುವ ಸಂಭ್ರಮವೋ ಅಂದೆ, ಮಾತಿಗೆ.

"ನಾ ಮುಟ್ಲಿಲ್ರಾ. ಆಚೆಮನೆಯವ್ಳನ್ನ ಕರೀತ್ರು. ಯಾರೂ ಬೇಡ ಅಂದದ್ದಲ್ಲ, ನಂಗೇ ಹೆದ್ರಿಕೆ. ಕದ್ದದ್ದಲ್ಲ ಅಂತ ನಂಗ್ ಗೊತ್ತದೆ. ಆದ್ರೆ ನಾ ಇರುವತನ ಸತ್ವು, ನಾ ಹೋದ್ಮೇಲೆ ಒಂದೂ ಸಾಯ್ಲಿಲ್ಲ ಅಂದ್ರೆ... ನನ್ ಕೈಗುಣವೇ ಸಮಾ ಇಲ್ಲ ಕಾಣ್ತದೆ ಅಕ್ಕೋರೆ."

ಒಂದಿಷ್ಟೂ ಸಿಟ್ಟಿಲ್ಲದೆ ಅಂದಳು. ಮೀನು ತೆಗೆದುಕೊಳ್ಳದೆ ಬಂದೆ. ಅಮ್ಮ ಕೇಳಿದ್ದಕ್ಕೆ ಪೇಟೆಯಲ್ಲಿ ಮೀನೇ ಇರಲಿಲ್ಲ ಅಂದೆ. ಅವಳು ನಂಬಿದಳು. ಜನ ಹೀಗೆ ನಂಬುತ್ತಾರೆ.

೨೭ ಜನವರಿ, ಸೋಮವಾರ

ಹೆಗಡೇರಿಗೆ ಹೇಳಿದೆ. ಎಣ್ಣೆ, ಥಂಡಿ, ಸ್ಪ್ರಿಂಗು, ಎಲ್ಲ. ನಾನೇ ಕಲಿಸಿದ್ದು ಅಂತಲೂ.

ಎದ್ದು ಹೋಗಿ ಬಾಗಿಲು ಹಾಕಿ ಬಂದರು. "ಕೇಳು. ಕೆಲ್ಸದವಳ ಕೈವಾಡ, ತೆಗೆದುಹಾಕಿದ್ದೇವೆ ಅಂತ ಆಗ್ರಾಕ್ಕೆ ಬರೆದಾಗಿದೆ. ಈಗ ಎಣ್ಣೆ ಅಂದ್ರೆ ಮೊದಲು ಕಳಿಸಿದ್ದೆಲ್ಲ ತಿರುಗಿ ಬರ್ತದೆ. ಹನ್ನೊಂದು ಮನೆ ಒಲೆ ಆರ್ತದೆ. ನೀ ಹೇಳಿದ್ದು ನಾ ಕೇಳ್ದೆ, ಇಲ್ಲಿಗೇ ಆತು."

"ಗಣಪಿ?"

"ಅವಳು ಎಂತದಾದ್ರೂ ಮಾಡ್ಕಂತಾಳೆ." ಅಷ್ಟರಲ್ಲಿ ಮನೆಯಿಂದ ಫೋನು. "ಹ್ಞಾಂ, ಈಗ ಬತ್ತೆ, ಊಟಕ್ಕೆ ಬಡ್ಸಿಡು" ಅಂದು ಇಟ್ಟರು. ನನ್ನ ಕಡೆ ನೋಡದೆ ಹೊರಟರು. ಬಾಗಿಲಲ್ಲಿ ನಿಂತು ಅಂದರು, "ನಿನ್ನ ಕುರ್ಚಿಗೂ ಒಳ್ಳೇದಲ್ಲ ನೇತ್ರಾ."

ಒಲೆಯ ಮಾತು ಸುಳ್ಳಲ್ಲ. ಕುರ್ಚಿಯ ಮಾತೂ ಸುಳ್ಳಲ್ಲ. ಹೆದರಿಕೆಯಾಗುತ್ತದೆ. ಆದರೆ ಆ ಮಗು...

೨೯ ಜನವರಿ, ಬುಧವಾರ, ಬೆಳಿಗ್ಗೆ ೮.೫೦

ನಿನ್ನೆ ಹೊಲನಗದ್ದೆಗೆ, ಗಣಪಿಯ ಮನೆಗೆ ಹೋಗಿದ್ದೆ. ಅಂಗಳದಲ್ಲೇ ನಿಂತು ಎಲ್ಲ ಹೇಳಿದೆ. ಗಣಪಿ ಕೇಳಿದಳು, ನಂಬಲಿಲ್ಲ. "ನನ್ ಸಮಾಧಾನಕ್ ಹೇಳ್ತ್ರಿ" ಅಂದಳು. ಈಗ ನಂಬುವುದಿಲ್ಲ! ನಾಳೆ ಒಂಬತ್ತರೊಳಗೆ ಹಾಲ್‌ಗೆ ಬಾ, ಎಲ್ಲರೆದುರು ಹೇಳುತ್ತೇನೆ, ಆಗಾದರೂ ನಂಬು ಅಂದೆ. ಹೆಗಡೇರು ಬೈಯುತ್ತಾರೆ ಅಂದಳು. ನನಗೆ ತಾನೇ ಅಂದೆ.

ಹತ್ತೂ ಜನ ಬಂದು ಕೂತಿದ್ದಾರೆ. ಹೊರಗೆ ಹೆಗಡೇರ ಸ್ಕೂಟರಿನ ಸದ್ದು.

ಗಣಪಿ ಬಂದಿದ್ದಾಳೆ. ಒಳಗೆ ಬಾ ಅಂದರೆ ಹೊಸ್ತಿಲಲ್ಲೇ ನಿಂತಿದ್ದಾಳೆ. ಏನೂ ತಾಗಬಾರದು ಅಂತ ಎರಡೂ ಕೈ ಸೆರಗಿನೊಳಗೆ ಸುತ್ತಿಕೊಂಡಿದ್ದಾಳೆ. ಬಾಗಿಲ ಚೌಕಟ್ಟು ಸಹ ಮುಟ್ಟುತ್ತಿಲ್ಲ.

ಹೆಗಡೇರು ಮೆಟ್ಟಿಲು ಹತ್ತುವ ಮೊದಲೇ ಎದ್ದು ನಿಲ್ಲಬೇಕು. ಮೊದಲ ಮಾತು ಇಷ್ಟೇ — ಗಣಪಿ, ಕೈ ಹೊರಗೆ ತೆಗಿ. ಡಬ್ಬಿಗಳನ್ನು ಸಾಯಿಸಿದ್ದು ಆ ಕೈಯಲ್ಲ, ನನ್ನ ಈ ಕೈ.