ಹೂಂ ಅಂದ ಮೇಲೆ ಹತ್ತುವ ಬೆಂಕಿ

ಫೆಬ್ರವರಿ 9, ಭಾನುವಾರ. ಬೆಳಿಗ್ಗೆ

ಈ ಮನೆಯ ಯಜಮಾನಿ ನಾನು. ಹೈಸ್ಕೂಲು ಮುಗಿಸಿದವಳು, ಆಮೇಲೆ ಯಾರಿಂದಲೂ ಏನನ್ನೂ ಹೇಳಿಸಿಕೊಂಡವಳಲ್ಲ. ಮಗ, ಸೊಸೆ, ಮೊಮ್ಮಗಳು, ಪಕ್ಕದ ರಸ್ತೆಯ ಮೈದುನ — ಒಬ್ಬರೂ ನನ್ನ ಮಾತು ದಾಟುವುದಿಲ್ಲ. ಮಹಡಿಯ ಮೇಲೆ ಕೋಳಿ ಸುಡುವ ಗ್ಯಾಸ್ ಗ್ರಿಲ್ ಕೂಡ ದಾಟುವುದಿಲ್ಲ. ನಾನು ಹೂಂ ಅನ್ನದೆ ಅದು ಹತ್ತುವುದಿಲ್ಲ.

ಪದ್ಧತಿ ಹಾಕಿದ್ದು ನಮ್ಮ ಮನೆಯವರು. ಗ್ರಿಲ್ ತಂದ ದಿನವೇ ಹೇಳಿದ್ದರು — "ಕೈ ನಂದು, ಮೂಗು ನಿಂದು." ಅವರು ಸಿಲಿಂಡರ್ ತಿರುಗಿಸುವುದು, ನಾನು ಬಾಗಿ ಪೈಪಿನ ಉದ್ದಕ್ಕೂ ಮೂಸುವುದು, ಹೂಂ ಅನ್ನುವುದು, ಆಮೇಲೆ ಲೈಟರ್. ಅವರು ಹೋದ ಮೇಲೆ ಕೈಯೂ ನನ್ನದೇ ಆಯಿತು. ಗ್ರಿಲ್ಲಿನ ಚಾಕರಿಗೆ ಬೇರೆ ಯಾರನ್ನೂ ಬಿಟ್ಟಿಲ್ಲ.

ಇವತ್ತೂ ಅದೇ. ಜಾಲರಿ ತೆಗೆದು ತಂತಿ ಬ್ರಷ್‌ನಿಂದ ಉಜ್ಜಿದೆ. ಬ್ರಷ್ಷಿನ ತಂತಿ ಉದುರಿ ಅಂಟಿಕೊಂಡಿದೆಯೇ ಎಂದು ಒದ್ದೆ ಬಟ್ಟೆಯಲ್ಲಿ ಒರೆಸಿ ನೋಡಿದೆ. ಬರ್ನರ್ ತೂತುಗಳಿಗೆ ಸೂಜಿ ಹಾಕಿದೆ. ಒಂದು ಕೊಳವೆಯೊಳಗೆ ಜೇಡ ಮನೆ ಕಟ್ಟಿತ್ತು, ಬಿಡಿಸಿದೆ. ಅಡಿಯ ಜಿಡ್ಡಿನ ತಟ್ಟೆ ಮಾತ್ರ ತೊಳೆಯಲಿಲ್ಲ. ಅದು ಹಳಸಿದ ವಾಸನೆ ಬಂದಾಗ ತೊಳೆಯುವುದು ನನ್ನ ಲೆಕ್ಕ. ಇನ್ನೂ ಬಂದಿಲ್ಲ.

ಜ್ವರ ಬಿಟ್ಟು ಇಷ್ಟು ದಿನವಾದರೂ ಬಾಯಿಗೆ ರುಚಿಯಿಲ್ಲ. ಕಾಫಿ ಬಿಸಿನೀರಿನ ಹಾಗಿತ್ತು. ಪುಡಿ ಬದಲಾಯಿಸಿದ್ದೀಯಾ ಎಂದು ಸೊಸೆಯನ್ನು ಗದರಿದೆ. ಇಲ್ಲ ಅತ್ತೆ, ಅದೇ ಪುಡಿ ಅಂದಳು. ಸುಳ್ಳು ಹೇಳುವ ಹೆಣ್ಣಲ್ಲ ಅವಳು. ಆದರೂ...

ಫೆಬ್ರವರಿ 12. ಮಧ್ಯಾಹ್ನ

ಅಡುಗೆಮನೆಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದೆ. ಒಲೆಯ ಮೇಲೆ ಕಾಯಲಿಟ್ಟ ಹಾಲಿಗೆ ಬೆನ್ನು ಹಾಕಿದ್ದೆ. ಸೊಸೆ ಹೊರಗಿನ ಬಾಗಿಲಿಂದ ಓಡಿ ಬಂದಳು.

"ಅತ್ತೆ! ಹಾಲು ಸೀದುಹೋಗ್ತಿದೆ! ಗೇಟಿನ ತನಕ ವಾಸನೆ!"

ತಿರುಗಿ ನೋಡಿದೆ. ಪಾತ್ರೆಯ ತಳ ಕಪ್ಪಾಗಿತ್ತು. ಹೊಗೆ. ನನ್ನಿಂದ ಒಂದು ಮೊಳ ದೂರ.

"ಗೊತ್ತು," ಅಂದೆ. "ನಿಂಗೆ ಯಾವಾಗ ಜ್ಞಾನ ಬರುತ್ತೆ ಅಂತ ನೋಡ್ತಿದ್ದೆ."

ಅವಳು ತಲೆ ತಗ್ಗಿಸಿ ಪಾತ್ರೆ ಇಳಿಸಿದಳು. ನನ್ನ ತಪ್ಪು ಅತ್ತೆ ಅಂದಳು.

ಅವಳು ಆಚೆ ಹೋದ ಮೇಲೆ ಈರುಳ್ಳಿ ಹೆಚ್ಚಿ ಮೂಗಿಗೆ ಹಿಡಿದೆ. ಕಣ್ಣು ಉರಿಯಿತು, ಅಷ್ಟೇ. ಕಾಫಿ ಡಬ್ಬಿ. ಬೆಳ್ಳುಳ್ಳಿ. ಸೀಮೆಎಣ್ಣೆ ಬಾಟಲಿ. ಏನೂ ಇಲ್ಲ. ಕೊನೆಗೆ ನನ್ನ ಬೀರು ತೆರೆದು, ಅವರು ಗಡ್ಡ ಹೆರೆದುಕೊಂಡ ಮೇಲೆ ಹಚ್ಚುತ್ತಿದ್ದ ಲೋಷನ್ನಿನ ಬಾಟಲಿ ತೆಗೆದೆ. ಖಾಲಿಯಾಗಬಾರದೆಂದು ವರ್ಷಕ್ಕೊಮ್ಮೆ ಮಾತ್ರ ಬಿರಡೆ ತೆರೆಯುತ್ತಿದ್ದೆ. ಇವತ್ತು ಅಂಗೈಗೆ ಸುರಿದುಕೊಂಡೆ.

ತಣ್ಣಗೆ ಇತ್ತು. ಬೇರೇನೂ ಇಲ್ಲ.

ಯಾರಿಗೂ ಹೇಳುವುದಿಲ್ಲ. ನೆಗಡಿ ಕಟ್ಟಿರಬೇಕು. ಬಿಡುತ್ತದೆ.

ಫೆಬ್ರವರಿ 16, ಭಾನುವಾರ

ಬಿಟ್ಟಿಲ್ಲ.

ಎಲ್ಲರೂ ಗ್ರಿಲ್ ಸುತ್ತ ನಿಂತಿದ್ದರು. ಮಗನ ಕೈಯಲ್ಲಿ ಕೋಳಿಯ ತಟ್ಟೆ. ಮೈದುನ ಎಂದಿನಂತೆ ಮೊದಲೇ ಕುರ್ಚಿ ಹಿಡಿದಿದ್ದ. "ಅತ್ತಿಗೆ, ಬೇಗ ಸಹಿ ಹಾಕಿ. ಹೊಟ್ಟೆ ತಾಳ ಹಾಕ್ತಿದೆ" ಅಂದ. ಎಲ್ಲರೂ ನಕ್ಕರು. ಬಾಗಿದೆ. ಮೂಸಿದೆ. ಗೋಡೆಯನ್ನು ಮೂಸಿದ ಹಾಗೆ. ಗ್ಯಾಸ್ ಇದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಒಂದು ಕ್ಷಣ ಹೇಳಿಬಿಡೋಣ ಅನ್ನಿಸಿತು. ತಲೆ ಎತ್ತಿದರೆ ಅಷ್ಟೂ ಮುಖಗಳು ನನ್ನ ಕಡೆ.

ಹೂಂ ಅಂದೆ.

ಹತ್ತಿತು. ಏನೂ ಆಗಲಿಲ್ಲ. ಊಟ ಸೇರಲಿಲ್ಲ. ಉಪ್ಪು ಕಮ್ಮಿ ಎಂದು ಬೈದೆ.

ಫೆಬ್ರವರಿ 23, ಭಾನುವಾರ. ಸಂಜೆ

ಬರೆಯಬೇಕು. ಬರೆಯದಿದ್ದರೆ ನಾಳೆ ನಾನೇ ಬೇರೆ ಕಥೆ ಕಟ್ಟಿಕೊಂಡು ನಂಬಿಬಿಡುತ್ತೇನೆ.

ಮೊಮ್ಮಗಳಿಗೆ ಇತ್ತೀಚೆಗೆ ಲೈಟರ್ ಹಿಡಿಯುವ ಹುಮ್ಮಸ್ಸು. ಹತ್ತನೇ ಕ್ಲಾಸು, ದೊಡ್ಡವಳಾದೆ ಅನ್ನುವ ಗತ್ತು. ಇವತ್ತು ನಾನೇ ಹಚ್ಚುತ್ತೀನಿ ಅಂದಳು. ಸರಿ ಅಂದೆ. ಗ್ರಿಲ್ಲಿನ ಮುಚ್ಚಳ ಪೂರ್ತಿ ತೆರೆದಿದ್ದಾಳಾ ನೋಡಿದೆ. ತೆರೆದಿದ್ದಳು. ಸಿಲಿಂಡರ್ ತಿರುಗಿಸಿದೆ. ಬಾಗಿದೆ.

ಆಗ ಸೊಸೆ ಹಿಂದಿನಿಂದ ಮೆಲ್ಲಗೆ — "ಅತ್ತೆ, ಗ್ಯಾಸ್ ವಾಸನೆ ಬರ್ತಿದೆ ಅಲ್ವಾ?"

ಅವಳು ಕೇಳಿದಳು. ಕೇಳಿದಳು ಎಂಬುದನ್ನು ಇಲ್ಲಿ ಬರೆದಿಟ್ಟಿದ್ದೇನೆ.

"ಅದು ಜಿಡ್ಡಿನ ವಾಸನೆ," ಅಂದೆ. "ಗ್ಯಾಸ್ ಯಾವುದು ಜಿಡ್ಡು ಯಾವುದು ಅಂತ ನಂಗೆ ನೀನು ಹೇಳಿಕೊಡ್ಬೇಕಾ?"

"ಇಲ್ಲ ಅತ್ತೆ. ಜಿಡ್ಡೇ ಇರಬೇಕು."

ಹೂಂ ಅಂದೆ.

ಮೊಮ್ಮಗಳು ಲೈಟರ್ ಟಕ್ ಅನ್ನಿಸಿದಳು. ಬರ್ನರ್ ಹತ್ತಲಿಲ್ಲ, ಕೆಳಗಿನ ಪೆಟ್ಟಿಗೆ ಹತ್ತಿತು. ಸಿಲಿಂಡರ್ ಇರುವ ಪೆಟ್ಟಿಗೆ. ಬುಸ್ ಅಂತ ನೀಲಿ ಬೆಂಕಿ ಅದರ ಬಾಗಿಲ ಸಂದಿಯಿಂದ ಮೇಲೆದ್ದು ಅವಳ ಮುಖದ ಮುಂದೆ ನಿಂತಿತು. ನಿಂತ ಹಾಗೇ ಕಂಡಿತು ನನಗೆ. ಮಗ ಕೈಯಲ್ಲಿದ್ದ ಒದ್ದೆ ಟವೆಲ್ ಸುತ್ತಿಕೊಂಡೇ ನುಗ್ಗಿ ಸಿಲಿಂಡರ್ ಬಂದ್ ಮಾಡಿದ. ಮೈದುನ ಕುರ್ಚಿ ಸಮೇತ ಹಿಂದಕ್ಕೆ ಬಿದ್ದ.

ಹುಡುಗಿಯ ಮುಂಗೂದಲು ಸುಟ್ಟಿದೆ. ಒಂದು ಹುಬ್ಬು ಅರ್ಧ ಇಲ್ಲ. ಚರ್ಮಕ್ಕೆ ಏನೂ ಆಗಿಲ್ಲ, ಡಾಕ್ಟರ್ ನೋಡಿದರು. ಕಣ್ಣಿಗೆ ಏನೂ ಆಗಿಲ್ಲ. ಏನೂ ಆಗಿಲ್ಲ.

ಕೂದಲು ಸುಟ್ಟ ವಾಸನೆ ಮನೆಯೆಲ್ಲ ತುಂಬಿದೆಯಂತೆ. ಸೊಸೆ ಕಿಟಕಿ ತೆರೆದಿಡುತ್ತಾ ಹೇಳಿದಳು.

ಆಮೇಲೆ ಆದದ್ದು ಇನ್ನೂ ಕೆಟ್ಟದ್ದು. ಮಗ ಮಗಳನ್ನೇ ಬೈದ. "ಎಷ್ಟು ಹೊತ್ತು ನಾಬ್ ತೆರೆದಿಟ್ಟಿದ್ದೆ? ಅಜ್ಜಿ ಹೂಂ ಅಂದ ತಕ್ಷಣ ಹಚ್ಚಬೇಕು ಅಂತ ಗೊತ್ತಿಲ್ವಾ?"

"ತಕ್ಷಣಾನೇ ಹಚ್ಚಿದೆ ಅಪ್ಪಾ!"

"ಸುಳ್ಳು ಹೇಳ್ಬೇಡ. ಅಜ್ಜಿ ಮೂಸಿ ನೋಡಿದಾರೆ."

ಹುಡುಗಿ ನನ್ನ ಕಡೆ ತಿರುಗಿದಳು. ಅರ್ಧ ಹುಬ್ಬಿನ ಮುಖ. "ಸಾರಿ ಅಜ್ಜಿ" ಅಂದಳು. ನನಗೆ!

ನಾನು ಬಾಯಿ ಬಿಡಲಿಲ್ಲ.

ಫೆಬ್ರವರಿ 24. ಬೆಳಿಗ್ಗೆ

ಸೊಸೆ ಬಟ್ಟೆ ಮಡಚುತ್ತಾ ತಾನಾಗಿಯೇ ಹೇಳಿದಳು. "ನಂಗೆ ನಿಜವಾಗ್ಲೂ ಗ್ಯಾಸ್ ಅನ್ನಿಸಿತ್ತು ಅತ್ತೆ. ನೀವು ಅಲ್ಲ ಅಂದ್ರಲ್ಲ, ಆಮೇಲೆ ನಂಗೂ ಜಿಡ್ಡಿನ ಹಾಗೇ ಅನ್ನಿಸ್ತು. ನನ್ನ ಮೂಗೇ ಸರಿಯಿಲ್ಲ."

ಇದಕ್ಕೆ ಹೆದರಿದಷ್ಟು ಆ ಬೆಂಕಿಗೂ ಹೆದರಲಿಲ್ಲ. ಮನೆ ತುಂಬಾ ಒಳ್ಳೊಳ್ಳೆಯ ಮೂಗುಗಳಿವೆ. ನಾನು ಇಲ್ಲ ಅಂದರೆ ಅಷ್ಟೂ ಮುಚ್ಚಿಕೊಳ್ಳುತ್ತವೆ.

ಮಾರ್ಚ್ 2, ಭಾನುವಾರ

ಗ್ರಿಲ್ ಬೇಡ, ಮಳೆ ಬರುವ ಹಾಗಿದೆ ಅಂದೆ. ಆಕಾಶದಲ್ಲಿ ಅಂಗೈಯಗಲ ಮೋಡ ಇರಲಿಲ್ಲ.

ಮಗ ಮೇಲೆ ನೋಡಿ, "ಹೌದಮ್ಮ, ಬರೋ ಹಾಗಿದೆ" ಅಂದ.

ಮಾರ್ಚ್ 6. ಮಧ್ಯಾಹ್ನ, ಮನೆಯಲ್ಲಿ ಯಾರೂ ಇಲ್ಲ

ಸಿಲಿಂಡರ್ ತರುವವನು ಅಡುಗೆಮನೆಯಲ್ಲಿ ಪೈಪಿಗೆ ಸೋಪಿನ ನೀರು ಸವರಿ ನೋಡುವುದನ್ನು ಕಂಡಿದ್ದೇನೆ. ಮೂಗಿಲ್ಲದವರ ಕೆಲಸ ಎಂದು ಆಗ ನಗುತ್ತಿದ್ದೆ.

ಬಟ್ಟಲಲ್ಲಿ ಪಾತ್ರೆ ಸೋಪು ಕದಡಿ, ಹಳೇ ಪೇಂಟ್ ಬ್ರಷ್ ತೆಗೆದುಕೊಂಡು ಮಹಡಿ ಹತ್ತಿದೆ. ನಾಬ್‌ಗಳನ್ನೆಲ್ಲ ಮುಚ್ಚಿ, ಪೆಟ್ಟಿಗೆಯ ಬಾಗಿಲು ತೆರೆದಿಟ್ಟು, ಲೈಟರನ್ನು ಕೆಳಗೆ ದೇವರ ಕೋಣೆಯಲ್ಲಿ ಬೀಗ ಹಾಕಿ ಬಂದೆ. ಸಿಲಿಂಡರ್ ಸ್ವಲ್ಪವೇ ತಿರುಗಿಸಿದೆ. ಅಷ್ಟು ತಿರುಗಿಸಲು ಎಷ್ಟು ಹೊತ್ತು ಹಿಡಿಯಿತೋ. ಬೆವರಿಗೆ ಕೈ ಜಾರುತ್ತಿತ್ತು. ಇಲ್ಲಿ ಏನಾದರೂ ಆದರೆ ನನ್ನನ್ನು ಮೊದಲು ಕಾಣುವವಳು ಸ್ಕೂಲಿನಿಂದ ಬರುವ ಆ ಹುಡುಗಿ. ಅದೊಂದೇ ತಲೆಯಲ್ಲಿ.

ರೆಗ್ಯುಲೇಟರ್ ಹತ್ತಿರ ಸವರಿದೆ. ಸುಮ್ಮನಿತ್ತು. ಗ್ರಿಲ್ಲಿಗೆ ಸೇರುವ ಜಾಗ. ಸುಮ್ಮನಿತ್ತು. ಜಿಡ್ಡಿನ ತಟ್ಟೆಯ ಹಿಂದೆ ಪೈಪು ಬಾಗುವಲ್ಲಿ ಸವರಿದೆ.

ಗುಳ್ಳೆ ಎದ್ದಿತು. ಒಂದರ ಬೆನ್ನಿಗೆ ಒಂದು. ಮಕ್ಕಳು ಊದಿದ ಹಾಗೆ. ಒಡೆಯಿತು, ಮತ್ತೆ ಎದ್ದಿತು. ಗುಳ್ಳೆ ನೋಡಲು ಮೂಗು ಬೇಡ.

ಸಿಲಿಂಡರ್ ಬಂದ್ ಮಾಡಿ ಗೋಡೆಗೆ ಒರಗಿ ಕೂತೆ.

ಆಮೇಲೆ ತಟ್ಟೆ ಎಳೆದೆ. ಜಿಡ್ಡು ಅಂಚಿನ ತನಕ ಹೆಪ್ಪುಗಟ್ಟಿತ್ತು, ಹಸಿರು ಹಿಡಿದಿತ್ತು. ಅದರ ಮೇಲೆ ಪುಟ್ಟ ಪುಟ್ಟ ಕಾಲಿನ ಗುರುತು. ಸುತ್ತ ಇಲಿಯ ಹಿಕ್ಕೆ. ಪೈಪಿನ ಮೇಲೆ ಹಲ್ಲಿನ ಗೀರು. ಜಿಡ್ಡಿಗೆ ಬಂದ ಇಲಿ ಪೈಪಿನ ರುಚಿಯನ್ನೂ ನೋಡಿದೆ. ಹಳಸಿದ ವಾಸನೆ ಬಂದಾಗ ತೊಳೆಯುತ್ತೇನೆ ಎಂದು ನಾನು ಕಾಯುತ್ತಾ ಕೂತಿದ್ದೆ. ಬಂದಿತ್ತು. ಮನೆಯವರಿಗೆಲ್ಲ ಬಂದಿರುತ್ತದೆ. ಅಮ್ಮ ಸುಮ್ಮನಿದ್ದಾಳೆ, ಹಾಗಾದರೆ ಏನೂ ಇಲ್ಲ ಅಂದುಕೊಂಡಿರುತ್ತಾರೆ.

ಮಾರ್ಚ್ 7

ಪೈಪ್ ಬಿಚ್ಚಿ ಕತ್ತರಿಯಿಂದ ತುಂಡು ಮಾಡಿದೆ, ಇನ್ನೊಬ್ಬರು ಎತ್ತಿಕೊಂಡು ಹೋಗಿ ಬಳಸಬಾರದು. ಹೊಸದು ತಂದೆ. ಒಳಗೆ ಲೋಹದ ಹೆಣಿಗೆ ಇರುವುದು, ಇಲಿ ಹಲ್ಲಿಗೆ ಸುಲಭಕ್ಕೆ ಬಗ್ಗುವುದಿಲ್ಲ. ಅಂಗಡಿಯವನೇ ಬಂದು ಕೂರಿಸಿಕೊಟ್ಟ. "ಮೂಸಿ ನೋಡಿ ಅಮ್ಮ, ಪಕ್ಕಾ ಇದೆ" ಅಂದ. ಸೋಪು ಹಾಕು ಅಂದೆ. ಹಾಕಿದ. ಗುಳ್ಳೆ ಇಲ್ಲ.

ತಟ್ಟೆಯನ್ನು ಬಿಸಿನೀರಲ್ಲಿ ತಿಕ್ಕಿ ತಿಕ್ಕಿ ಬೆಳ್ಳಗೆ ಮಾಡಿದೆ. ಬರ್ನರ್ ಮತ್ತೆ ತೊಳೆದೆ. ಪೆಟ್ಟಿಗೆ ಒರೆಸಿದೆ. ಗ್ರಿಲ್ ಈಗ ಮದುಮಗಳ ಹಾಗಿದೆ.

ಅಂದರೆ ಇನ್ನು ಯಾರಿಗೂ ಹೇಳುವ ಅಗತ್ಯವಿಲ್ಲ. ಇಲಿ ಕಡಿದಿತ್ತು, ಬದಲಾಯಿಸಿದೆ, ಮುಗಿಯಿತು. ಅದು ನಿಜವೂ ಹೌದು. ಭಾನುವಾರ ಬಾಗಿ, ಹೂಂ ಅನ್ನಬಹುದು. ಸೋಪಿನ ಕೆಲಸ ಕದ್ದು ಮೊದಲೇ ಮಾಡಿಟ್ಟರಾಯಿತು.

ಆಗಬಹುದು. ಯಾಕಾಗಬಾರದು?

ಮಾರ್ಚ್ 8. ಬೆಳಿಗ್ಗೆ

ಆಗುವುದಿಲ್ಲ.

ಸೊಸೆ ಅಡುಗೆಮನೆಯಿಂದ ಕೂಗಿದಳು. "ಅತ್ತೆ, ಒಂಚೂರು ಬಂದು ಮೂಸಿ ನೋಡ್ತೀರಾ? ಒಳಗಿನ ಒಲೆ ಹತ್ತಿರ ಏನೋ ಬಂದ ಹಾಗಿದೆ. ನನ್ನ ಮೂಗು ನಂಬೋ ಹಾಗಿಲ್ಲ."

ಒಂದು ಕೈಯಲ್ಲಿ ಲೈಟರ್ ಹಿಡಿದು ಕಾಯುತ್ತಿದ್ದಳು.

"ಮುಟ್ಟಬೇಡ!" ಎಂದು ಕಿರುಚಿದೆ. ಈ ಮನೆಯಲ್ಲಿ ನಾನು ಕಿರುಚಿದ್ದು ಯಾರೂ ಕೇಳಿರಲಿಲ್ಲ. ಗದರುವುದು ಬೇರೆ. ಅವಳ ಕೈಯಿಂದ ಲೈಟರ್ ಬಿತ್ತು. ಸಿಲಿಂಡರ್ ಬಂದ್ ಮಾಡಿ, ಕಿಟಕಿ ಬಾಗಿಲು ತೆಗೆದೆ. ನೋಡಿದರೆ ಒಂದು ನಾಬ್ ಅರ್ಧ ತಿರುಗಿತ್ತು, ಯಾರೋ ಒರೆಸುವಾಗ ತಾಗಿಸಿದ್ದು. ಅವಳ ಮೂಗು ಸರಿಯಾಗಿಯೇ ಇತ್ತು. ನನ್ನ ಹೂಂಗಾಗಿ ನಿಂತಿದ್ದಳು.

ಪೈಪ್ ಬದಲಾಯಿಸಿದರೆ ಏನು ಬಂತು?

"ಯಾಕತ್ತೆ, ಮುಖ ಹೀಗಾಗಿದೆ?" ಅಂದಳು.

"ನಾಳೆ ಹೇಳ್ತೀನಿ. ಎಲ್ಲರೂ ಇರಲಿ."

ಮಾರ್ಚ್ 9, ಭಾನುವಾರ. ಮಹಡಿಯ ಮೇಲೆ

ಇಲ್ಲೇ ಕೂತು ಬರೆಯುತ್ತಿದ್ದೇನೆ. ಸಾಮಾನಿನ ಚೀಟಿ ಬರೆಯುತ್ತಿದ್ದಾಳೆ ಅಂದುಕೊಂಡಿರಬೇಕು. ಅಂದುಕೊಳ್ಳಲಿ. ಕೈಗೆ ಏನಾದರೂ ಕೆಲಸ ಬೇಕು.

ಎಲ್ಲರೂ ಬಂದು ಸುತ್ತ ನಿಂತರು. ಮೊಮ್ಮಗಳು ಮಾತ್ರ ದೂರ, ನೀರಿನ ಟ್ಯಾಂಕಿನ ಹತ್ತಿರ. ಹುಬ್ಬಿಗೆ ಪೆನ್ಸಿಲ್ ತೀಡಿಕೊಂಡಿದ್ದಳು. ಮಗ ಸಿಲಿಂಡರ್ ಕಡೆ ಕೈ ತೋರಿಸಿದ. ನಾನು ಬಾಗಲಿಲ್ಲ.

"ನಂಗೆ ವಾಸನೆ ತಿಳಿಯಲ್ಲ," ಅಂದೆ. "ಜ್ವರ ಬಂದಾಗಿನಿಂದ. ಅವತ್ತು ಮೂಸಿದ ಹಾಗೆ ಮಾಡಿದೆ, ಅಷ್ಟೇ. ಪುಟ್ಟಿಯ ಕೂದಲು ಸುಟ್ಟಿದ್ದು ಅವಳ ಕೈಯಿಂದಲ್ಲ. ನನ್ನ ಬಾಯಿಂದ."

ಮೈದುನನಿಗೆ ತಡೆಯಲಾಗಲಿಲ್ಲ. "ಅತ್ತಿಗೆ, ತಮಾಷೆ ಮಾಡ್ತಿದ್ದೀರಿ ಅಲ್ವಾ?"

"ನಾನು ತಮಾಷೆ ಮಾಡಿದ್ದು ನೀನು ಯಾವತ್ತು ನೋಡಿದ್ದೀಯೋ?"

"ಅದೂ ಸರಿ," ಅಂದು ಕೂತ.

ಮಗ "ಅಮ್ಮ, ಡಾಕ್ಟರಿಗೆ ತೋರಿಸೋಣ" ಅಂದ. ನಾಳೆ ತೋರಿಸು, ಇವತ್ತು ಕೇಳು ಅಂದೆ. ಬಟ್ಟಲು, ಸೋಪು, ಬ್ರಷ್ ಮುಂದಿಟ್ಟೆ. ಪ್ರತಿ ಸಲ ಹಚ್ಚುವ ಮೊದಲು ಇದು. ಜಿಡ್ಡಿನ ತಟ್ಟೆ ಬಳಸಿದ ದಿನವೇ ತೊಳೆಯಬೇಕು. ಆಮೇಲೆ — ಯಾರಿಗೇ ವಾಸನೆ ಬರಲಿ, ಒಬ್ಬರಿಗೆ ಬಂದರೂ ಸಾಕು, ಬೆಂಕಿಯಿಲ್ಲ. ನಾನು ಏನೂ ಇಲ್ಲ ಅಂದರೂ ಇಲ್ಲ. ಹೇಳಿ, ಲೈಟರನ್ನು ಸೊಸೆಯ ಕೈಗೆ ಇಟ್ಟೆ. ಅವಳು ಹಿಡಿಯಲು ಹೆದರಿದಳು. ಅವಳ ಬೆರಳುಗಳನ್ನು ನಾನೇ ಮಡಚಿದೆ.

ಮೊಮ್ಮಗಳು ಹತ್ತಿರ ಬಂದಳು. ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಕೊಡಜ್ಜಿ" ಎಂದು ನನ್ನ ಕೈಯಿಂದ ಬ್ರಷ್ ತೆಗೆದುಕೊಂಡಳು.

ಮಗ ಸಿಲಿಂಡರ್ ತಿರುಗಿಸಿದ, ಅವಳು ಈಗ ಪೈಪಿಗೆ ಸವರುತ್ತಿದ್ದಾಳೆ. ನಾನು ಕುರ್ಚಿಯನ್ನು ರಸ್ತೆಯ ಕಡೆ ತಿರುಗಿಸಿಕೊಂಡು, ಗ್ರಿಲ್ಲಿಗೆ ಬೆನ್ನು ಹಾಕಿ ಕೂತಿದ್ದೇನೆ. ಮುಖ ಕಂಡರೆ ಅಭ್ಯಾಸಬಲದಿಂದ ನನ್ನನ್ನೇ ನೋಡುತ್ತಾರೆ.

"ಗುಳ್ಳೆ ಇಲ್ಲಮ್ಮ." ಅದು ಮೊಮ್ಮಗಳು. ಸೊಸೆ ಮೂಸುತ್ತಿದ್ದಾಳೆ, ಉಸಿರು ಎಳೆಯುವುದು ಇಲ್ಲಿಗೆ ಕೇಳಿಸುತ್ತಿದೆ. ಆಮೇಲೆ ಸದ್ದಿಲ್ಲ. ನನಗಾಗಿ ಕಾಯುತ್ತಿದ್ದಾರೆ, ಗೊತ್ತು. ಹೂಂ ಗಂಟಲಿನ ತನಕ ಬಂದಿದೆ. ನುಂಗಿದೆ. ತಿರುಗುವುದಿಲ್ಲ.

ಇನ್ನೂ ಸದ್ದಿಲ್ಲ.

"ಹೂಂ," ಅಂದಳು ಸೊಸೆ. ಸಣ್ಣ ದನಿ. ಲೈಟರ್ ಟಕ್ ಅಂದಿತು, ಮತ್ತೆ ಬರ್ನರ್ ಒಂದೇ ಸಮನೆ ಉರಿಯುವ ಸದ್ದು.