ದೀಪ ಹತ್ತಿದ ಹೊತ್ತು

ಮಾರ್ಚ್ 3, ಸೋಮವಾರ

ಅಕ್ಷರ ಕೋಳಿ ಕೆದರಿದ ಹಾಗಿದೆ. ತಪ್ಪುಗಳೂ ಇರುತ್ತವೆ. ನಾಲ್ಕನೇ ತರಗತಿಗೇ ಶಾಲೆ ಮುಗಿಯಿತು — ಯಾರಾದರೂ ಓದಿದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಯಾರೂ ಓದುವುದಿಲ್ಲ.

ಇಂದೂ ಅದೇ ಕೆಲಸ. ಹೊಗೆ ತಪಾಸಣೆ ಕೇಂದ್ರ, ಎರಡನೇ ಲೈನ್. ಕೀ ತಿರುಗಿಸಿ ಎಂಜಿನ್ ದೀಪ, ಅಂದರೆ ಎಂಜಿನ್ ಕೆಟ್ಟರೆ ಎಚ್ಚರಿಸುವ ದೀಪ, ಹತ್ತುತ್ತದಾ ನೋಡುವುದು. ಸ್ಟಾರ್ಟ್ ಮಾಡಿದರೆ ಆರುತ್ತದಾ ನೋಡುವುದು. ಸ್ಟೀರಿಂಗ್ ಕೆಳಗೆ ಕೇಬಲ್ ಚುಚ್ಚುವುದು. ಉಳಿದದ್ದನ್ನು ಕಾರಿನ ಕಂಪ್ಯೂಟರ್ ಹೇಳುತ್ತದೆ. ನಾನು ಮಾತಾಡಬೇಕಾಗಿಲ್ಲ. ಅದೊಂದು ಒಳ್ಳೆಯದು.

ಒಬ್ಬರು ದೀಪದ ಮೇಲೆ ಕಪ್ಪು ಟೇಪ್ ಅಂಟಿಸಿಕೊಂಡು ಬಂದಿದ್ದರು. ಹೊಗೆಕೊಳವೆಗೆ ಪೈಪ್ ಹಾಕುವವನನ್ನು ಎಲ್ಲರೂ ಹೊಗೆಯಣ್ಣ ಅನ್ನುತ್ತಾರೆ. ಅವನು ಬಗ್ಗಿ ನೋಡಿದ.

"ಕನ್ನಡಿಗೆ ಮಸಿ ಬಳಿದ್ರೆ ಮುಖ ಬೆಳ್ಳಗಾಗುತ್ತಾ ಸ್ವಾಮಿ?"

"ಕಣ್ಣಿಗೆ ಹೊಡೀತಿತ್ತು, ಅದಕ್ಕೆ ಹಾಕ್ದೆ."

"ಹೊಡೀಲಿ ಅಂತಾನೇ ಇಟ್ಟಿರೋದು."

ಎಲ್ಲರೂ ನಕ್ಕರು. ನಾನೂ ನಕ್ಕೆನೇನೋ.

ಮಾರ್ಚ್ 6, ಗುರುವಾರ, ಮಧ್ಯಾಹ್ನ

ಮೈದುನ ನಮ್ಮ ಕಾರು ತಂದ. ಇವರು ತೀರಿಕೊಂಡ ಮೇಲೆ ಅವನೇ ಓಡಿಸುತ್ತಾನೆ. ಅತ್ತೆಯನ್ನು ಆಸ್ಪತ್ರೆಗೆ ಕರೆದೊಯ್ಯಲು ಬೇರೆ ದಾರಿಯಿಲ್ಲ. ಹೊಗೆ ಸರ್ಟಿಫಿಕೇಟ್ ಈ ತಿಂಗಳಿಗೆ ಮುಗಿಯುತ್ತದೆ. ಎಂಜಿನ್ ದೀಪ ಉರಿಯುತ್ತಲೇ ಇದೆ — ಫೇಲ್. ಸಂಜೆ ಮೆಕ್ಯಾನಿಕ್ ಹತ್ತಿರ ಒಯ್ಯುತ್ತೇನೆಂದು ಇಲ್ಲೇ ಬಿಟ್ಟು ಹೋದ.

ಊಟದ ಹೊತ್ತು. ಯಾರೂ ಇರಲಿಲ್ಲ. ಮತ್ತೆ ಕೇಬಲ್ ಚುಚ್ಚಿದೆ. ದೀಪ ಹತ್ತಿದ ಆ ಕ್ಷಣದಲ್ಲಿ ಕಾರು ಹೇಗಿತ್ತೋ ಅದನ್ನು ಕಂಪ್ಯೂಟರ್ ಹಿಡಿದಿಟ್ಟುಕೊಂಡಿರುತ್ತದೆ. ವೇಗ 41. ಎಂಜಿನ್ ಬಿಸಿ. ಆಕ್ಸಿಲರೇಟರ್ ಸ್ವಲ್ಪವೇ ಒತ್ತಿದೆ... ಇವರ ಕಾಲು.

ದೀಪ ಹತ್ತಿದ ಆ ದಿನ ನಾನು ಪಕ್ಕದಲ್ಲೇ ಇದ್ದೆ. "ಲೇ, ನಿನ್ನ ಗಿರಾಕಿ ಬಂತು ನೋಡು" ಎಂದಿದ್ದರು, ದೀಪ ತೋರಿಸಿ. ಮರುವಾರ ಜ್ವರ. ಆಮೇಲೆ ಇಲ್ಲ.

ಅಳು ಬರಲಿಲ್ಲ. ಇಲ್ಲಿ ಬರೆದಿಟ್ಟರೆ ಇದು ನನ್ನ ಅಕ್ಷರ, ಅಷ್ಟೇ. ಅಲ್ಲಿರುವುದು ಅವರು.

ಮಾರ್ಚ್ 7

ಮೆಕ್ಯಾನಿಕ್ ಎಂಜಿನ್ನಿಗೆ ಕಿಡಿ ಕೊಡುವ ಕಾಯಿಲ್ ಬದಲಿಸಿದ. ಓಡಿಸುತ್ತಿದ್ದರೆ ದೀಪ ತಾನಾಗಿ ಆರುತ್ತದೆ ಎಂದನಂತೆ. ನಿಜ. ಆರಿದರೂ ಆ ಕ್ಷಣ ಒಳಗೆ ಇನ್ನಷ್ಟು ದಿನ ಇರುತ್ತದೆ. ಬ್ಯಾಟರಿ ಬಿಚ್ಚಿದರೆ ಎಲ್ಲ ಅಳಿಸಿಹೋಗುತ್ತದೆ.

ಬಿಚ್ಚಬೇಡ ಎಂದು ಮೈದುನನಿಗೆ ಹೇಳಬೇಕು. ಯಾಕತ್ತಿಗೆ ಎಂದು ಕೇಳಿದರೆ? ಊಟ ಬಡಿಸಿದೆ. ಹೇಳಲಿಲ್ಲ.

ಮಾರ್ಚ್ 11

ಮೈದುನ ಕಾರು ತೆಗೆದುಕೊಂಡು ನಗುತ್ತಾ ಕೇಂದ್ರಕ್ಕೆ ಬಂದ.

"ನೋಡಿ ಅತ್ತಿಗೆ, ದೀಪ ಹೋಯ್ತು. ಬೆಳಿಗ್ಗೆ ಬ್ಯಾಟರಿ ವೈರ್ ಬಿಚ್ಚಿ ಮತ್ತೆ ಹಾಕ್ದೆ, ಅಷ್ಟೇ."

ಕೇಬಲ್ ಚುಚ್ಚಿದೆ. ವೇಗದ ಜಾಗ ಖಾಲಿ. ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಂಡು ತೋರಿಸುವ ಸಾಲುಗಳಲ್ಲಿ — ಸಿದ್ಧವಿಲ್ಲ, ಸಿದ್ಧವಿಲ್ಲ, ಸಿದ್ಧವಿಲ್ಲ.

"ಪಾಸಾ?"

"ಇಲ್ಲ. ಎಲ್ಲ ಅಳಿಸಿದೆ. ಇನ್ನೂ ಕೆಲವು ದಿನ ಓಡಬೇಕು."

"ನಮ್ಮ ಕಾರನ್ನೇ ಫೇಲ್ ಮಾಡ್ತೀರಾ? ಒಂದು ಗುಂಡಿ ಒತ್ತೋಕಾಗಲ್ವಾ?"

ಹೊಗೆಯಣ್ಣ ಬಾಯಿ ಹಾಕಿದ. "ಲೋ, ಸ್ಲೇಟ್ ಒರೆಸ್ಕೊಂಡು ಬಂದು ಮಾರ್ಕ್ಸ್ ಕೊಡಿ ಅಂದ್ರೆ ಯಾವುದಕ್ಕೆ ಕೊಡೋದು?"

ಮೈದುನನಿಗೆ ಬೈಯಬೇಕಿತ್ತು. ಕೋಪವೂ ಬರಲಿಲ್ಲ. ಕೇಬಲ್ ಸುತ್ತಿಟ್ಟೆ. ಮುಂದಿನ ಕಾರು ಬಂತು.

ಮಾರ್ಚ್ 19

ಬರೆಯಲು ಏನೂ ಇರಲಿಲ್ಲ.

ಮೈದುನ ಮುನಿಸಿಕೊಂಡು ಕೀಯನ್ನು ಮೇಜಿನ ಮೇಲೆ ಎಸೆದಿದ್ದಾನೆ. ಕಾರು ನಿಂತಲ್ಲೇ ನಿಂತಿದೆ. ರಾತ್ರಿಯೆಲ್ಲ ತಣ್ಣಗಿದ್ದು ಬೆಳಿಗ್ಗೆ ಓಡಬೇಕು, ಹಾಗೆ ಕೆಲವು ದಿನ. ಆಗಲೇ ಅದು ಸಿದ್ಧವಾಗುವುದು. ಇವರು ಹೋದ ಮೇಲೆ ನಾನು ಓಡಿಸಿಲ್ಲ.

ಅತ್ತೆ ಅಂದರು, "ಯಾರಾದ್ರೂ ಓಡಿಸ್ರಪ್ಪ. ಇಲ್ಲಾಂದ್ರೆ ನನ್ನನ್ನ ಹೆಗಲ ಮೇಲೆ ಹೊತ್ಕೊಂಡು ಹೋಗಿ, ಆಸ್ಪತ್ರೆಯವರು ನಿಮ್ಮನ್ನೂ ಸೇರಿಸ್ಕೋತಾರೆ."

ಮಾರ್ಚ್ 20, ಬೆಳಿಗ್ಗೆ

ಕೀ ತೆಗೆದುಕೊಂಡೆ. ಅತ್ತೆ ಶಾಲು ಹೊದ್ದು ಬಾಗಿಲಲ್ಲಿ ನಿಂತಿದ್ದರು.

"ಎಲ್ಲಿಗೆ?"

"ಎಲ್ಲಿಗೂ ಇಲ್ಲ. ಕಾರು ಓಡಬೇಕು, ಅಷ್ಟೇ."

"ಹಾಗಾದ್ರೆ ನಾನೂ ಬರ್ತೀನಿ. ನನಗೂ ಎಲ್ಲಿಗೂ ಹೋಗ್ಬೇಕಾಗಿಲ್ಲ."

ಪಕ್ಕದ ಸೀಟಿನಲ್ಲಿ ಕೂರಿಸಿದೆ. ಸ್ಟಾರ್ಟ್ ಮಾಡಿದೆ. ಹೊರಡುವ ಮುಂಚೆ ಸ್ವಲ್ಪ ಹೊತ್ತು ನಿಂತೇ ಬಿಸಿಯಾಗಬೇಕು, ಅಷ್ಟರಲ್ಲಿ ಇದನ್ನು ಬರೆಯುತ್ತಿದ್ದೇನೆ. ಬೆಲ್ಟಿನ ಕೊಂಡಿ ಅತ್ತೆಯ ಕೈಗೆ ಸಿಗಲಿಲ್ಲ. ಬಗ್ಗಿ ನಾನೇ ಹಾಕಿದೆ. ಅವರು ನನ್ನ ಕೈ ಹಿಡಿದುಕೊಂಡರು, ಇನ್ನೂ ಬಿಟ್ಟಿಲ್ಲ —